ಜೀಪಿನ ಗಾಜಿನ ಕೆಳಗೆ

ಮೂಡಿಗೆರೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಕಾಲೇಜಿನಲ್ಲಿ ಬಾಟನಿ ಮೇಡಂ, ತರಕಾರಿ ಅಂಗಡಿಯಲ್ಲೂ ಬಾಟನಿ ಮೇಡಂ. ಅವರ ಯಜಮಾನರು ಕೂಡ ಯಾರಾದರೂ ಮನೆಗೆ ಬಂದು ಏನಾದರೂ ಕೇಳಿದರೆ, ಬಾಟನಿ ಮೇಡಂ ಬರಲಿ, ವಿಚಾರಿಸಿ ಹೇಳುತ್ತೇನೆ ಎನ್ನುತ್ತಿದ್ದರು. ಗಿಡವೊಂದರ ಹೆಸರನ್ನು ಯಾರಾದರೂ ಅರ್ಧ ಹೇಳಿ ಬಿಟ್ಟರೆ ಸಿಟ್ಟಾಗುತ್ತಿದ್ದ ಹೆಂಗಸಿಗೆ, ತನ್ನ ಹೆಸರೇ ಊರಿಗೆ ಗೊತ್ತಿಲ್ಲದ್ದರ ಬಗ್ಗೆ ಏನೂ ಅನ್ನಿಸುತ್ತಿರಲಿಲ್ಲ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಹೋದ ತಿಂಗಳು ಅವರು ತೀರಿಕೊಂಡರು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇತಿಹಾಸ ಪಾಠ ಮಾಡಲು ಮೂಡಿಗೆರೆಯ ಜೂನಿಯರ್ ಕಾಲೇಜಿಗೆ ಬಂದೆ. ಇರಲು ಜಾಗ ಹುಡುಕುತ್ತಿದ್ದಾಗ ಸ್ಟಾಫ್ ರೂಮಿನಲ್ಲಿ ಎದುರಿಗೆ ಕೂತಿದ್ದ ಅವರೇ, ನಮ್ಮ ಮಹಡಿ ಖಾಲಿ ಇದೆ, ಮೆಟ್ಟಿಲು ಹೊರಗಿನಿಂದಲೇ ಇದೆ, ಅಡುಗೆಗೆ ಏನು ಬೇಕಾದರೂ ಮಾಡಿಕೋ, ನಮ್ಮ ಮನೆಯೊಳಗೆ ಮಾತ್ರ ಮಾಂಸ ಮೀನು ಬೇಡ ಎಂದರು. ಅಂದು ಸಂಜೆಯೇ ಹೋಗಿ ನೋಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ, ಮುಂಭಾಗದಲ್ಲಿ ಜೀಪಿನ ಬಿಡಿಭಾಗಗಳ ಅಂಗಡಿ, ಹಿಂದೆ ಮನೆ. ಅಂಗಡಿ ಅವರ ಯಜಮಾನರದು. ಹಣೆಯ ತುಂಬ ವಿಭೂತಿ, ಬೆಳಗಿನ ಲಿಂಗಪೂಜೆ ಮುಗಿಯದೆ ಷಟರ್ ಎತ್ತುತ್ತಿರಲಿಲ್ಲ. ಎಸ್ಟೇಟುಗಳಿಂದ ಬಂದ ಜೀಪುಗಳು ಅವರಿಗಾಗಿ ಸಾಲಾಗಿ ನಿಂತು ಕಾಯುತ್ತಿದ್ದವು. ಮಾತು ಬಹಳ ಕಡಿಮೆಯ ಮನುಷ್ಯ. ಇಬ್ಬರಿಗೂ ಮಕ್ಕಳಿರಲಿಲ್ಲ. ಅದರ ಬಗ್ಗೆ ಮೇಡಂ ಯಾವತ್ತೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.

ಮನೆಯ ಪೂರ್ವದ ಗೋಡೆಗೆ ಕಬ್ಬಿಣದ ಪಟ್ಟಿ ಹೊಡೆದು, ಅದರ ಮೇಲೆ ಹಳೆಯ ಜೀಪುಗಳ ಮುಂದಿನ ಗಾಜುಗಳನ್ನು ಇಳಿಜಾರಾಗಿ ಕೂರಿಸಿದ್ದರು. ಕೆಲವಕ್ಕೆ ಮೂಲೆಯಲ್ಲಿ ಬಿರುಕಿತ್ತು. ಒಂದರ ಮೇಲೆ ಯಾವುದೋ ಎಸ್ಟೇಟಿನ ಹೆಸರು ಅರ್ಧ ಉಳಿದಿತ್ತು. ಆ ಗಾಜಿನ ಕೆಳಗೆ ಮೇಡಂ ಅವರ ಕ್ಯಾಕ್ಟಸ್ ಗಿಡಗಳು. ಮಲೆನಾಡಿನಲ್ಲಿ ಕ್ಯಾಕ್ಟಸ್ ಬೆಳೆಸುವುದೆಂದರೆ ಆನೆಯನ್ನು ಕೊಟ್ಟಿಗೆಯಲ್ಲಿ ಸಾಕಿದ ಹಾಗೆ ಎಂದು ನಾನು ನಕ್ಕಿದ್ದಕ್ಕೆ ಅವರು ನಗಲಿಲ್ಲ. ಮಳೆಯನ್ನು ತಡೆಯುವುದು ಸುಲಭ, ಗಾಳಿಯಲ್ಲಿರುವ ತೇವವನ್ನು ತಡೆಯುವುದು ಕಷ್ಟ ಎಂದು ವಿವರಿಸಿದರು. ಮೃಗಶಿರಾ ಮಳೆ ಹಿಡಿದರೆ ಚೌತಿ ಕಳೆಯುವವರೆಗೆ ಆ ಗಿಡಗಳಿಗೆ ಒಂದು ಹನಿ ನೀರಿಲ್ಲ. ಕುಂಡದಲ್ಲಿ ಹೊಳೆಯ ಮರಳು, ಇಟ್ಟಿಗೆ ಚೂರು, ಇದ್ದಿಲು, ಮಣ್ಣು ಅಂತ ಹೆಸರಿಗೆ ಒಂದು ಹಿಡಿ. ಕಾಫಿ ತೋಟದ ಕಪ್ಪು ಮಣ್ಣು ಕಳಿಸಿಕೊಡುತ್ತೇವೆ ಎಂದವರಿಗೆ, ಅದರಲ್ಲಿ ನೆಟ್ಟರೆ ಇವು ಒಂದೇ ವಾರದಲ್ಲಿ ಕೊಳೆತು ಹೋಗುತ್ತವೆ ಎಂದು ಕೈಮುಗಿಯುತ್ತಿದ್ದರು. ಬುಡ ಕೊಳೆತದ್ದು ಗೊತ್ತಾದರೆ ಹರಿತವಾದ ಚಾಕುವಿನಿಂದ ಮೇಲಿನ ಒಳ್ಳೆಯ ಭಾಗ ಕೊಯ್ದು, ಒಲೆಯ ಹಿಂದಿನ ಬೆಚ್ಚನೆಯ ಗೂಡಿನಲ್ಲಿ ವಾರಗಟ್ಟಲೆ ಒಣಗಿಸಿ ಮತ್ತೆ ನೆಡುವರು. ಅಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಯಾವಾಗಲೂ ಒಂದೆರಡು ಕ್ಯಾಕ್ಟಸ್ ತಲೆಗಳು ಕೂತಿರುತ್ತಿದ್ದವು.

ಊರಲ್ಲಿ ಇದಕ್ಕೆ ಒಪ್ಪಿಗೆಯೇನೂ ಇರಲಿಲ್ಲ. ಮನೆಯಲ್ಲಿ ಮುಳ್ಳಿನ ಗಿಡ ಇಟ್ಟರೆ ಏಳಿಗೆ ಇಲ್ಲ ಎಂದು ಯಜಮಾನರ ಕಡೆಯ ಹಿರಿಯರೊಬ್ಬರು ಪ್ರತಿ ಸಲ ಬಂದಾಗಲೂ ಹೇಳುತ್ತಿದ್ದರು. ಒಮ್ಮೆ ಮೇಡಂ ಆ ಹಿರಿಯರಿಗೆ ಕಾಫಿ ಕೊಟ್ಟು, ನಿಮ್ಮ ಮನೆ ಅಂಗಳದ ಬಿಲ್ವಪತ್ರೆ ಮರಕ್ಕೆ ಮುಳ್ಳಿಲ್ವಾ ಮಾವ ಎಂದು ಕೇಳಿದರಂತೆ. ಆಮೇಲಿಂದ ಅವರು ಬಂದಾಗ ಬೇರೆ ವಿಷಯ ಮಾತಾಡುತ್ತಿದ್ದರು.

ಎಲ್ಲ ಗಿಡಗಳಿಗೂ ಕುಂಡದಲ್ಲಿ ತಗಡಿನ ಚೀಟಿ ಚುಚ್ಚಿ ಪೂರ್ತಿ ಹೆಸರು ಬರೆದಿದ್ದರು. ಒಂದಕ್ಕೆ ಮಾತ್ರ ‘ಮ್ಯಾಮಿಲೇರಿಯಾ’ ಎಂಬ ಕುಲದ ಹೆಸರು, ಮುಂದೆ ಖಾಲಿ. ಅದು ಅಗಲ ಕುಂಡದಲ್ಲಿ ಗುಂಪಾಗಿ ಬೆಳೆದಿತ್ತು. ಒಂದೊಂದು ತಲೆ ಗೋಲಿಗಿಂತ ದೊಡ್ಡದು, ನಿಂಬೆಗಿಂತ ಸಣ್ಣದು. ಮೈತುಂಬ ಬೆಳ್ಳಗಿನ ನವಿರು ಮುಳ್ಳು. ಪ್ರತಿಯೊಂದರ ಪಕ್ಕದಲ್ಲೂ ಮರಿಗಳು, ಮರಿಗಳಿಗೂ ಮರಿಗಳು. ಸೆರಗು ತಗುಲಿದರೆ ಸಾಕು, ನಾಲ್ಕು ಉದುರುತ್ತಿದ್ದವು. ಉದುರಿದ್ದು ಬಿದ್ದಲ್ಲೇ ಬೇರು ಬಿಡುತ್ತಿತ್ತು. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಕೊಟ್ಟದ್ದಂತೆ. ದರ್ಜಿಗಳು ಬೆರಳಿಗೆ ಹಾಕುವ ಟೊಪ್ಪಿಯ ಹಾಗಿದೆ ಅಂದಿದ್ದ ಆಕೆ ಅದರ ಹೆಸರನ್ನೂ ಹೇಳಿದ್ದಳು, ಗ್ರಾಸಿಲಿಸ್ ಅಂತ. ಇವರಿಗೆ ಅನುಮಾನ. ಅದನ್ನೇ ಹೋಲುವ ಇನ್ನೊಂದಿದೆ, ಪ್ರಾಲಿಫೆರಾ ಅಂತ. ಸರಿಯಾಗಿ ಬಿಸಿಲು ಸಿಗದ ಗಿಡದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಹೂ ಬಿಡಬೇಕು, ಆಗುವುದಾದರೆ ಹಣ್ಣೂ ಆಗಬೇಕು, ಆಮೇಲೆ ಹೇಳಬಹುದು. ಆದರೆ ಮೂಡಿಗೆರೆಗೆ ಬಂದ ಮೇಲೆ ಅದು ಒಮ್ಮೆಯೂ ಹೂ ಬಿಟ್ಟಿರಲಿಲ್ಲ.

ಯಾವುದೋ ಒಂದನ್ನು ಬರೆದುಬಿಡಿ, ಯಾರು ಕೇಳುತ್ತಾರೆ ಎಂದೆ ಒಮ್ಮೆ.

‘ಅಂದಾಜಲ್ಲಿ ಹೆಸರಿಡೋಕೆ ಇದೇನು ನಾಯಿಮರಿಯಾ?’ ಎಂದರು.

ನನಗೆ ಕ್ಯಾಕ್ಟಸ್ ಗುರುತಿಸಲು ಕಲಿಸಿದ್ದು ಆ ಗಾಜಿನ ಕೆಳಗೇ. ಬೇಲಿಯ ಕಳ್ಳಿ ಬೇರೆ, ಇವು ಬೇರೆ. ಮುಳ್ಳು ಹುಟ್ಟುವ ಜಾಗದಲ್ಲಿ ಹತ್ತಿಯಂಥ ಸಣ್ಣ ಚುಕ್ಕೆ ಇದ್ದರೆ ಮಾತ್ರ ಕ್ಯಾಕ್ಟಸ್. ಸುತ್ತಲಿನ ಮುಳ್ಳು ಹೇಗಿದೆ, ನಡುವಿನ ಮುಳ್ಳು ಇದೆಯೋ ಇಲ್ಲವೋ, ಇದ್ದರೆ ನೆಟ್ಟಗಿದೆಯೋ ಗಾಳದ ಹಾಗೆ ಬಾಗಿದೆಯೋ, ಪಿನ್ನಿನಿಂದ ಚುಚ್ಚಿದರೆ ಹಾಲು ಬರುತ್ತದೋ ನೀರು ಬರುತ್ತದೋ. ಗಾಳದ ಮುಳ್ಳನ್ನು ಪತ್ತೆ ಮಾಡಲು ಅವರು ತಮ್ಮ ಹಳೆಯ ಸ್ವೆಟರಿನ ತೋಳನ್ನು ಗಿಡದ ಮೇಲೆ ಸವರುತ್ತಿದ್ದರು. ಸಿಕ್ಕಿಕೊಂಡರೆ ಗಾಳ. ಆ ಸ್ವೆಟರಿನ ತೋಳು ಪೂರ್ತಿ ಎಳೆಯೆದ್ದಿತ್ತು. ಅದನ್ನೇ ಹಾಕಿಕೊಂಡು ಕಾಲೇಜಿಗೂ ಬರುತ್ತಿದ್ದರು.

ಕಳಸದ ದಾರಿಯ ದೊಡ್ಡ ಎಸ್ಟೇಟೊಂದರ ಯಜಮಾನಿ ಒಂದು ದಿನ ಜೀಪಿನ ರಿಪೇರಿಗೆಂದು ಬಂದವರು ಕೈಯಲ್ಲಿ ಒಂದು ಕುಂಡ ಹಿಡಿದು ಒಳಗೆ ಬಂದರು. ಬೆಂಗಳೂರಿನಲ್ಲಿ ಕೊಂಡ ಕ್ಯಾಕ್ಟಸ್. ನೆತ್ತಿಯ ಮೇಲೆ ಕೆಂಪು ಹೂ. ತಂದು ತಿಂಗಳುಗಳೇ ಆದರೂ ಬಾಡಿಲ್ಲ, ಇಂಥದ್ದು ನಿಮ್ಮಲ್ಲೂ ಇರಲಿಕ್ಕಿಲ್ಲ, ಇದಕ್ಕೆ ಹೆಸರೇನು ಹೇಳಿ ಎಂದರು ಹೆಮ್ಮೆಯಿಂದ. ಮೇಡಂ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಹೂವಿನ ಬುಡಕ್ಕೆ ತೋರುಬೆರಳು ಹಾಕಿ ಒಂದು ಸುತ್ತು ಸವರಿದರು. ಆಮೇಲೆ, ಇದು ಒಣಹೂವು, ಬಿಸಿ ಗೋಂದು ಹಾಕಿ ಅಂಟಿಸಿದ್ದಾರೆ ಎಂದರು. ಆ ಹೆಂಗಸಿನ ಮುಖ ಕೆಂಪಾಯಿತು. ಅಷ್ಟು ದೊಡ್ಡ ಅಂಗಡಿಯವರು ಹಾಗೆ ಮಾಡುತ್ತಾರೆಯೇ ಎಂದು ಮೇಡಂ ಮೇಲೆಯೇ ತುಸು ರೇಗಿದರು. ಮೇಡಂ ವಾದಿಸಲಿಲ್ಲ. ಗೋಂದು ಗಿಡದ ಚಿಗುರುವ ಜಾಗವನ್ನು ಮುಚ್ಚಿದೆ, ಬಿಟ್ಟರೆ ಸಾಯುತ್ತದೆ, ತೆಗೆದರೆ ನೆತ್ತಿಯಲ್ಲಿ ಕಲೆ ಉಳಿಯುತ್ತದೆ ಆದರೆ ಪಕ್ಕದಿಂದ ಮರಿ ಬರಬಹುದು, ಏನು ಮಾಡಲಿ ಎಂದು ಕೇಳಿದರು. ಆಕೆ ತೆಗೆಯಿರಿ ಎಂದರು. ಮುಂದಿನ ವರ್ಷ ಅದೇ ಹೆಂಗಸು ಒಂದು ಬುಟ್ಟಿ ಕಿತ್ತಳೆ ಹಿಡಿದು ಬಂದು, ಮರಿಯೊಂದರಲ್ಲಿ ನಿಜವಾದ ಹೂ ಬಂದಿದೆ, ಎರಡೇ ದಿನ ಇತ್ತು ಎಂದು ಹೇಳಿ ಹೋದರು.

ಬೆರಳಿನಿಂದಲೇ ಕಂಡುಹಿಡಿದ ಅವರ ಚಾಕಚಕ್ಯತೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ವರ್ಣಿಸಿದ್ದೆ. ಅವರು ಕಣ್ಣಿನಿಂದ ನೋಡುವ ಮೊದಲೇ ಬೆರಳು ಹಾಕಿದ್ದರು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ಹೊತ್ತಿಗೆ ಕಾಲೇಜಿನಲ್ಲಿ ಮೇಡಂಗೆ ಜಂಬ ಬಂದಿದೆ ಎಂಬ ಮಾತು ಶುರುವಾಗಿತ್ತು. ಕಾರಿಡಾರಿನಲ್ಲಿ ಪಕ್ಕದಲ್ಲೇ ಹಾದುಹೋದವರಿಗೆ ನಮಸ್ಕಾರ ಹೇಳುವುದಿಲ್ಲ, ಪ್ರಿನ್ಸಿಪಾಲರನ್ನು ಕಂಡೂ ಕಾಣದ ಹಾಗೆ ಹೋಗುತ್ತಾರೆ ಎಂದು. ಒಂದು ಸಂಜೆ ಗಾಜಿನ ಮಾಡಿನ ಕೆಳಗೆ ನಾನು ಅವರ ಎಡಕ್ಕೆ ನಿಂತು ಮಾತಿಲ್ಲದೆ ಒಣ ಎಲೆ ಹೆಕ್ಕುತ್ತಿದ್ದೆ. ತಿರುಗಿದವರು ನನಗೆ ಡಿಕ್ಕಿ ಹೊಡೆದು ಬೆಚ್ಚಿಬಿದ್ದರು. ಯಾವಾಗ ಬಂದೆ ಎಂದು ಕೇಳಿದರು. ನಾನು ಅಲ್ಲಿಯೇ ಇದ್ದು ಬಹಳ ಹೊತ್ತಾಗಿತ್ತು.

ಅದಾಗಿ ಕೆಲವು ದಿನಕ್ಕೆ ಬಸ್‌ಸ್ಟ್ಯಾಂಡಿನ ಎದುರು ರಿವರ್ಸ್ ಬರುತ್ತಿದ್ದ ಜೀಪಿನ ದಾರಿಗೆ ಅವರು ನೇರವಾಗಿ ಹೆಜ್ಜೆ ಇಟ್ಟರು. ಡ್ರೈವರು ಬ್ರೇಕ್ ಹಾಕಿ ಬೈದ. ಯಜಮಾನರು ಅಂಗಡಿಯಿಂದ ಅದನ್ನು ನೋಡಿದರು. ಗಿರಾಕಿಗಳು ನಿಂತಿರುವಾಗಲೇ ಷಟರ್ ಎಳೆದು, ಹೆಂಡತಿಯನ್ನು ಕರೆದುಕೊಂಡು ಮಂಗಳೂರಿನ ಬಸ್ ಹತ್ತಿದರು.

ಗ್ಲಾಕೋಮಾ ಎಂದು ಗೊತ್ತಾಯಿತು. ಕಣ್ಣಿನ ಹಿಂದಿನ ನರ ನೋವಿಲ್ಲದೆ, ಸದ್ದಿಲ್ಲದೆ ಸಾಯುವ ಕಾಯಿಲೆ. ಮರಳಿ ಬಂದ ದಿನ ನಾನು ಕೆಳಗೆ ಹೋದಾಗ ಅವರು ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದರು.

‘ಪಕ್ಕದ್ದು ಹೋಗಿದೆಯಂತೆ. ಎದುರಿಗೆ ಒಂದಿಷ್ಟು ಉಳಿದಿದೆ. ಹೋದದ್ದು ಬರೋದಿಲ್ಲ, ಇರೋದನ್ನ ಡ್ರಾಪ್ಸ್ ಹಾಕಿ ಕಾಪಾಡ್ಕೊಳ್ಳಿ ಅಂದ್ರು’ ಎಂದರು.

‘ನಿಮಗೆ ಮೊದಲೇ ಗೊತ್ತಾಗ್ತಿರ್ಲಿಲ್ವಾ ಮೇಡಂ?’

‘ಏನೋ ಆಗಿದೆ ಅಂತ ಗೊತ್ತಿತ್ತು. ಹೆಸರು ಗೊತ್ತಿರ್ಲಿಲ್ಲ.’ ಬೀನ್ಸಿನ ನಾರು ತೆಗೆದು ಪಕ್ಕಕ್ಕಿಟ್ಟರು. ‘ಹೆಸರು ಕೇಳೋಕೆ ಹೆದರಿಕೆ ಆಯ್ತು, ಮಾರಾಯ್ತಿ.’

ಅಷ್ಟು ದಿನದಲ್ಲಿ ಅವರು ಹೆದರಿಕೆ ಎಂಬ ಮಾತನ್ನು ಆಡಿದ್ದು ಅದೊಂದೇ ಸಲ.

ಕಾಲೇಜಿನಲ್ಲಿ ಹೇಳಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದರು. ಹೇಳಿದರೆ ಮನೆಗೆ ಕಳಿಸುತ್ತಾರೆ ಎಂಬ ಅಂಜಿಕೆ ನನಗಿತ್ತು. ಹೇಳಬೇಡಿ ಎಂದೆ. ಕೊನೆಗೆ ಮೇಡಂ ತಾವೇ ಪ್ರಿನ್ಸಿಪಾಲರ ಕೋಣೆಗೆ ಹೋದರು, ನನ್ನನ್ನೂ ಕರೆದುಕೊಂಡು. ಪ್ರಿನ್ಸಿಪಾಲರು ಒಳ್ಳೆಯವರೇ. ಆರೋಗ್ಯ ಮುಖ್ಯ, ಸ್ವಯಂನಿವೃತ್ತಿಯ ಬಗ್ಗೆ ಯೋಚಿಸಬಹುದಲ್ಲ ಎಂದು ಮೆಲ್ಲಗೆ ಹೇಳಿದರು. ಮೇಡಂ ಕೇಳಿಸಿಕೊಂಡು, ಕುರ್ಚಿಯ ತುದಿಗೆ ಬಂದು ಕೂತರು.

‘ಪ್ರಾಕ್ಟಿಕಲ್ ಬಿಡ್ತೇನೆ ಸರ್. ಮೈಕ್ರೋಸ್ಕೋಪಿನಲ್ಲಿ ನನಗೇ ಕಾಣದ್ದನ್ನ ಮಕ್ಕಳಿಗೆ ತೋರ್ಸೋದು ಮೋಸ. ಥಿಯರಿ ಕಣ್ಣಲ್ಲಿಲ್ಲ, ತಲೆಯಲ್ಲಿದೆ. ಅದನ್ನ ಬಿಡಲ್ಲ. ಮಕ್ಕಳು ಅರ್ಥ ಆಗ್ತಿಲ್ಲ ಅಂದ ದಿನ ನಾನೇ ಬಂದು ಹೇಳ್ತೇನೆ.’

ಪ್ರಾಕ್ಟಿಕಲ್ ತರಗತಿಗಳು ಜೂವಾಲಜಿಯವರ ತಲೆಗೆ ಬಂದವು. ಅವರು ಗೊಣಗಿದರು, ಮಾಡಿದರು. ಮೇಡಂ ಪಾಠ ಮುಂದುವರಿಯಿತು. ಬೋರ್ಡಿನ ಮೇಲೆ ಹೂವಿನ ಸೀಳುಚಿತ್ರ ಬರೆಯುವಾಗ ಚಿತ್ರ ಅಂಚು ದಾಟಿ ಗೋಡೆಗೆ ಹೋಗುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯರು ಎಡಕ್ಕೆ ಮೇಡಂ ಎನ್ನುತ್ತಿದ್ದರು. ಅವರು ಎಡಕ್ಕೆ ಬರುತ್ತಿದ್ದರು. ಅರ್ಥ ಆಗುತ್ತಿಲ್ಲ ಎಂದು ಯಾರೂ ಹೇಳಲಿಲ್ಲ. ಜಂಬದ ಮಾತು ತಾನಾಗಿ ನಿಂತುಹೋಯಿತು, ಅದರ ಬದಲಿಗೆ ಪಾಪ ಎನ್ನುವುದು ಶುರುವಾಯಿತು. ಜಂಬ ಅಂದಾಗಲೇ ವಾಸಿ ಇತ್ತು ಎಂದು ಮೇಡಂ ನನ್ನ ಬಳಿ ಹೇಳಿದರು.

ಕಾಣುವ ಕಿಂಡಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಹೋಯಿತು. ಹೆಸರಿಲ್ಲದ ಆ ಗಿಡದ ಬಗ್ಗೆ ಅವರಿಗೆ ಅವಸರ ಹತ್ತಿದ್ದು ಆಗ. ಇಲ್ಲಿಯ ಬಿಸಿಲು ಸಾಲದು, ನಿನ್ನ ತವರಿಗೆ ಕಳಿಸು ಎಂದವರು ಯಜಮಾನರು. ತವರು ಕಡೂರು. ನಮ್ಮದೇ ಜಿಲ್ಲೆ, ಆದರೆ ಬಯಲುಸೀಮೆ, ಮಳೆ ಕಡಿಮೆ, ತಾರಸಿಯ ಮೇಲೆ ದಿನವಿಡೀ ಬಿಸಿಲು. ದಾರಿಯಲ್ಲಿ ಮರಿಗಳೆಲ್ಲ ಉದುರಿ ಹೋಗುತ್ತವೆ ಎಂದು ಮೇಡಂ ಒಪ್ಪಲಿಲ್ಲ. ಕಡೆಗೆ ಯಜಮಾನರೇ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ ಬಂದರು. ಭದ್ರವಾಗಿ ಮುಟ್ಟಿಸಿದೆ ಎಂದಷ್ಟೇ ಹೇಳಿದರು. ಅವರ ಅಂಗೈಯಲ್ಲಿ ಚುಚ್ಚಿಕೊಂಡಿದ್ದ ಮುಳ್ಳುಗಳನ್ನು ನಾನು ಚಿಮಟದಿಂದ ಕಿತ್ತೆ.

ಒಂದು ವರ್ಷ ಅದು ಕಡೂರಿನ ತಾರಸಿಯ ಮೇಲಿತ್ತು. ಮುಂದಿನ ಚಳಿಗಾಲ ಮುಗಿಯುವಾಗ ಮರಳಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ತಲೆಗಳು ಗಟ್ಟಿಯಾಗಿ, ಒತ್ತೊತ್ತಾಗಿ ಕೂತಿದ್ದವು. ಬಿಳಿ ಕೂದಲಿನ ನಡುವಿನಿಂದ ಹಳದಿ ಬಣ್ಣದ ನೆಟ್ಟನೆಯ ಸೂಜಿಗಳೆದ್ದಿದ್ದವು. ಮೇಡಂ ಬೆರಳ ತುದಿಯಲ್ಲಿ ಒಂದೊಂದೇ ಸೂಜಿ ಮುಟ್ಟಿ ನೋಡಿದರು. ನೆತ್ತಿಯ ಸ್ವಲ್ಪ ಕೆಳಗೆ, ಉಬ್ಬುಗಳ ಸಂದಿನಲ್ಲಿ, ಬಳೆಯ ಹಾಗೆ ಸುತ್ತಲೂ ಮೊಗ್ಗುಗಳಿದ್ದವು.

ಅರಳಿದ ದಿನ ಭಾನುವಾರ. ನನ್ನನ್ನು ಮಹಡಿಯಿಂದ ಕರೆದರು. ಅಷ್ಟು ಹೊತ್ತಿಗೆ ಅವರಿಗೆ ಬೆಳಕು ಗೊತ್ತಾಗುತ್ತಿತ್ತು, ಸಣ್ಣ ಹೂವಿನ ಬಣ್ಣ ಗೊತ್ತಾಗುತ್ತಿರಲಿಲ್ಲ. ನಾನು ಬಗ್ಗಿ ನೋಡಿ, ತುಂಬ ಚೆನ್ನಾಗಿದೆ ಮೇಡಂ ಎಂದೆ.

‘ಅದು ನಿನ್ನ ವಿಷಯ. ಹೂವಿನ ವಿಷಯ ಹೇಳು.’

ಸಿಪ್ಪೆ ಸುಲಿದ ಬಾಳೆಹಣ್ಣಿನ ಬಣ್ಣ ಎಂದೆ. ದಳದ ನಡುವೆ ಗೆರೆ ಇದೆಯಾ ಎಂದು ಕೇಳಿದರು. ಇದೆ, ತೆಳು ಕಂದು ಗೆರೆ. ಪೂರ್ತಿ ಬಿಚ್ಚಿದೆಯಾ, ಗಂಟೆಯ ಹಾಗಿದೆಯಾ? ಗಂಟೆಯ ಹಾಗೆ. ಎಷ್ಟು ಅಗಲ? ಅಂಗಿಯ ಗುಂಡಿಯಷ್ಟು. ಹೀಗೆ ನಾನು ಹೇಳುತ್ತ ಹೋದೆ. ಇತಿಹಾಸದವಳಾದ ನನಗೆ ಒಂದು ಹೂವನ್ನು ಅಷ್ಟು ಹೊತ್ತು ನೋಡಬಹುದು ಎಂಬುದೇ ಗೊತ್ತಿರಲಿಲ್ಲ. ಎಲ್ಲ ಕೇಳಿದ ಮೇಲೆ ಅವರು, ಇಷ್ಟು ಸಾಲದು, ಎರಡರ ಹೂವೂ ಹೀಗೇ ಇರುತ್ತದೆ ಎಂದರು. ನನಗೆ ಅಳು ಬಂದಂತಾಯಿತು. ಅವರಿಗೇನೂ ಆಗಲಿಲ್ಲ. ಮುಳ್ಳಿನ ಸಾಕ್ಷಿ ಒಂದು ಹೆಸರಿನ ಕಡೆಗೆ ವಾಲಿದೆ, ಹಣ್ಣಿಗೆ ಕಾಯೋಣ ಎಂದರು.

ಆ ವರ್ಷದ ಮಳೆ ಹಿಡಿಯುವ ಮೊದಲೇ ಹಣ್ಣು ಬಂತು. ಮೊದಲು ಕಂಡದ್ದು ಅವರ ಬೆರಳಿಗೇ. ಮುಳ್ಳಿನ ನಡುವಿನಿಂದ ಏನೋ ಮೆತ್ತಗಿನದು ಎದ್ದಿದೆ, ನೋಡು ಎಂದರು. ಜೀರಿಗೆಮೆಣಸಿನ ಹಾಗೆ ಸಣ್ಣಗೆ, ಕಡುಕೆಂಪಾಗಿ, ತಲೆತಲೆಯ ಸುತ್ತಲೂ ನಿಂತಿದ್ದವು. ಒಂದನ್ನು ಕಿತ್ತುಕೊಡಲು ಹೇಳಿ ಬಾಯಿಗೆ ಹಾಕಿಕೊಂಡರು. ನನಗೂ ಒಂದು. ಸಿಹಿ, ಕೊನೆಗೆ ತುಸು ಹುಳಿ, ಹಲ್ಲಿಗೆ ಸಿಗುವ ಕರಿ ಬೀಜ. ಇದಕ್ಕೆ ಪರಾಗ ಕೊಡುವ ಇನ್ನೊಂದು ಗಿಡ ನಮ್ಮಲ್ಲೂ ಇಲ್ಲ, ಕಡೂರಿನಲ್ಲೂ ಇಲ್ಲ, ತನ್ನ ಪರಾಗದಿಂದ ತಾನೇ ಇಷ್ಟು ಹಣ್ಣು ಕಟ್ಟಿದೆ, ಗ್ರಾಸಿಲಿಸ್ ಹಾಗೆ ಕಟ್ಟುವುದಿಲ್ಲ, ಮುಳ್ಳಿನ ಬಣ್ಣವೂ ಕೂಡಿಬಂತು ಎಂದು ಒಂದೊಂದಾಗಿ ಹೇಳಿ, ಸೆರಗಿಗೆ ಕೈ ಒರೆಸಿಕೊಂಡರು.

‘ಪ್ರಾಲಿಫೆರಾ. ಬರಿ.’

ನಾನು ತಗಡಿನ ಚೀಟಿಯಲ್ಲಿ ಬರೆದೆ. ಅವರು ಎದ್ದು, ಗೋಡೆ ಹಿಡಿದುಕೊಂಡು ಅಂಗಡಿಯವರೆಗೆ ಹೋಗಿ, ಗಿರಾಕಿಗಳ ಎದುರೇ ಯಜಮಾನರಿಗೆ ಹೆಸರು ಸಿಕ್ಕಿತು ಎಂದು ಹೇಳಿದರು. ಯಜಮಾನರು ಕೈಯಲ್ಲಿದ್ದ ಬೇರಿಂಗನ್ನು ಕೆಳಗಿಟ್ಟು, ಪಕ್ಕದ ಬೇಕರಿಯಿಂದ ಎಲ್ಲರಿಗೂ ಮೈಸೂರುಪಾಕು ತರಿಸಿದರು. ಕ್ಲಚ್ ಪ್ಲೇಟಿಗೆ ಬಂದ ಡ್ರೈವರುಗಳಿಗೆ ಯಾವ ಸಂತೋಷಕ್ಕೆ ಸಿಹಿ ಎಂದು ಕಡೆಗೂ ತಿಳಿಯಲಿಲ್ಲ.

ಎರಡು ಸಾವಿರದ ನಂತರದ ಒಂದು ಬೇಸಿಗೆಯಲ್ಲಿ ಅವರು ವಯಸ್ಸು ತುಂಬಿಯೇ ನಿವೃತ್ತರಾದರು. ಬೀಳ್ಕೊಡುಗೆ ಸಭೆಯಲ್ಲಿ ಅತಿಥಿಯಾಗಿ ಬಂದವರೊಬ್ಬರು, ಮುಳ್ಳಿನ ನಡುವೆ ಹೂವರಳಿಸಿದ ಬದುಕು ಎಂದು ಬಹಳ ಹೊತ್ತು ಮಾತಾಡಿದರು. ಕಣ್ಣೀರು ಒರೆಸಿಕೊಂಡವರೂ ಇದ್ದರು. ಮೇಡಂ ಉತ್ತರಕ್ಕೆ ಎದ್ದು ನಿಂತು, ಕ್ಯಾಕ್ಟಸಿನ ಮುಳ್ಳು ಎಂದರೆ ರೂಪ ಬದಲಿಸಿದ ಎಲೆ, ಅದು ಗಿಡಕ್ಕೆ ನೆರಳು ಕೊಡುತ್ತದೆ, ಕಾವಲು ಕಾಯುತ್ತದೆ, ಗಿಡಕ್ಕೆ ಅದರಿಂದ ಕಷ್ಟವೇನೂ ಇಲ್ಲ ಎಂದರು. ತನಗೂ ಇಲ್ಲಿ ಕಷ್ಟವಾಗಲಿಲ್ಲ, ಪ್ರಾಕ್ಟಿಕಲ್ ತೆಗೆದುಕೊಂಡ ಜೂವಾಲಜಿಯವರಿಗೆ ಆಯಿತು, ಅವರಿಗೆ ನಮಸ್ಕಾರ ಎಂದು ಕೂತರು.

ಆಮೇಲೆ ಅಂಗಡಿಯನ್ನು ಯಜಮಾನರ ತಮ್ಮನ ಮಗನಿಗೆ ಬಿಟ್ಟು ಇಬ್ಬರೂ ಚಿಕ್ಕಮಗಳೂರಿಗೆ ಹೋದರು. ಅಲ್ಲಿ ಮಳೆ ಕಡಿಮೆ, ಡಾಕ್ಟರು ಹತ್ತಿರ. ನಾನು ಬಿಡುವಾದಾಗ ಹೋಗಿ ಬರುತ್ತಿದ್ದೆ. ಪ್ರಾಲಿಫೆರಾದ ಮರಿಗಳನ್ನು ಬೀದಿಯ ಎಲ್ಲರಿಗೂ ಹಂಚಿದ್ದರು. ಹೆಸರನ್ನು ತಪ್ಪಿಲ್ಲದೆ ಹೇಳಿದವರಿಗೆ ಮಾತ್ರ ಮರಿ. ಹಾಲಿನವನಿಗೂ ಒಂದು ಸಿಕ್ಕಿತ್ತು. ಕೊನೆಯ ವರ್ಷ ಹೃದಯದ ತೊಂದರೆ ಕಾಣಿಸಿಕೊಂಡಿತು. ಹೆಚ್ಚು ದಿನ ಮಲಗಲಿಲ್ಲ.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು ವಾರವಾಗಿತ್ತು. ಯಜಮಾನರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಒಬ್ಬರೇ ಕೂತಿದ್ದರು. ಎಷ್ಟೋ ವರ್ಷಗಳಿಂದ ಬಲ್ಲ ಆ ಮನುಷ್ಯ ನನ್ನೊಡನೆ ಒಟ್ಟಿಗೆ ನಾಲ್ಕು ಮಾತಾಡಿದ್ದು ಅವತ್ತೇ ಮೊದಲು.

‘ಕಣ್ಣು ಕೊಟ್ವಿ’ ಎಂದರು.

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳಿದರು. ಹೋದ ವರ್ಷವೇ ಮೇಡಂ ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದರಂತೆ. ತನ್ನಲ್ಲಿ ಹಾಳಾಗಿರುವುದು ಹಿಂದಿನ ನರ, ಮುಂದಿನ ಪಾರದರ್ಶಕ ಪಟಲ, ಕಾರ್ನಿಯಾ, ಸರಿಯಾಗಿಯೇ ಇದೆ, ಅದು ಇನ್ನೊಬ್ಬರಿಗೆ ಬರುತ್ತದೆಯೇ ಎಂದು. ಬರುತ್ತದೆ ಎಂದಿದ್ದರು ಡಾಕ್ಟರು. ಆದರೆ ಆ ದಿನ ಆಸ್ಪತ್ರೆಗೆ ಫೋನ್ ಮಾಡಲು ಇವರು ಎದ್ದಾಗ ಮನೆಯಲ್ಲಿ ನೆರೆದಿದ್ದವರು ತಡೆದರು. ಕಾಣದವಳ ಕಣ್ಣು ಯಾರಿಗೆ ಬೇಕು, ಸುಮ್ಮನೆ ದೇಹ ಯಾಕೆ ಕೆಡಿಸುತ್ತೀಯ ಎಂದರು. ಜಗಳವೇ ಆಯಿತಂತೆ. ಆ ಮನುಷ್ಯ ಯಾರ ಮೇಲಾದರೂ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಎತ್ತಿದರಂತೆ. ಫೋನ್ ಮಾಡಿದರು. ಆಸ್ಪತ್ರೆಯವರು ಹೇಳಿದ ಹೊತ್ತಿಗೆ ಬಂದು ತೆಗೆದುಕೊಂಡು ಹೋದರು.

‘ಅವಳು ಹೇಳಿದ್ದು ಸರಿ ಇತ್ತೋ ಇಲ್ವೋ ಅಂತ ನನಗೆ ಒಂದು ವಾರ ನಿದ್ದೆ ಇಲ್ಲ’ ಎಂದರು. ‘ನಿನ್ನೆ ಫೋನ್ ಬಂತು.’

ಏನಂದರು ಎಂದು ಕೇಳಿದೆ.

‘ಎರಡೂ ಹಾಕಿದ್ರಂತೆ. ಯಾರಿಗೆ ಅಂತ ಹೇಳೋದಿಲ್ಲ, ಅದು ಅವರ ನಿಯಮ. ಒಬ್ಬರಿಗಲ್ಲ, ಇಬ್ಬರಿಗೆ.’

ಆಮೇಲೆ ಅವರು ಎದ್ದು, ಕೂತಿರಿ, ಕಾಫಿ ಮಾಡಿ ತರುತ್ತೇನೆ ಎಂದು ಒಳಗೆ ಹೋದರು.